"ಸಿಸ್ಟಂ ಆನ್ ಆಗ್ತಿಲ್ಲ": ಮನೆಯ ಕಂಪ್ಯೂಟರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು ಹೋದ ಮೇಲೆ ಹನುಮಂತನಗರದಿಂದ ಚಿಕ್ಕಮ್ಮ ಫೋನ್ ಮಾಡಿದರು.

"ಸಿಸ್ಟಂ ಆನೇ ಆಗ್ತಿಲ್ಲ ಕಣೋ. ನಾಳೆ ಅಂಗಡಿಗೆ ಕೊಟ್ಟುಬಿಡ್ಲಾ?"

"ತಡೀರಿ ಚಿಕ್ಕಮ್ಮ. ಬಟನ್ ಒತ್ತಿದಾಗ ಫ್ಯಾನ್ ಸದ್ದು ಬರುತ್ತಾ?"

ಬರುತ್ತೆ ಅಂದರು. ಪರದೆ ಮೇಲೆ ಏನಾದ್ರೂ ಕಾಣುತ್ತಾ ಅಂತ ಕೇಳಿದೆ. ಕಂಪನಿಯ ಲೋಗೋ ಬರುತ್ತೆ, ಕೆಳಗೆ ಚುಕ್ಕೆಗಳು ಸುತ್ತುತ್ತವೆ, ಆಮೇಲೆ ಆರಿಹೋಗಿ ಮತ್ತೆ ಮೊದಲಿಂದ ಶುರುವಾಗುತ್ತೆ ಅಂದರು.

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಫ್ಯಾನ್ ತಿರುಗುತ್ತಿದೆ, ಅಂದರೆ ಕರೆಂಟ್ ಒಳಗೆ ಹೋಗುತ್ತಿದೆ. ಲೋಗೋ ಕಾಣುತ್ತಿದೆ, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ದೊಡ್ಡ ಬೋರ್ಡ್ ಆದ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಕೆಲಸ ಮಾಡುತ್ತಿವೆ. ಗಾಡಿ ನಿಂತಿರುವುದು ವಿಂಡೋಸ್ ಲೋಡ್ ಆಗುವ ಜಾಗದಲ್ಲಿ.

"ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಬಟನ್ ಒತ್ತಿದರೆ ಏನೂ ಆಗದಿರುವುದು ಒಂದು. ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇರುವುದು ಇನ್ನೊಂದು. ಲೋಗೋ ಬಂದರೂ ವಿಂಡೋಸ್ ಬರದಿರುವುದು ಮೂರನೆಯದು. ಎಲ್ಲ ಸರಿಯಾಗಿ ಶುರುವಾಗಿ, ಸ್ವಲ್ಪ ಹೊತ್ತಾದ ಮೇಲೆ ತಟ್ಟನೆ ಆಫ್ ಆಗುವುದು ನಾಲ್ಕನೆಯದು. ನಿಮ್ಮದು ಇದರಲ್ಲಿ ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಹಾಗೆ ಮಾಡದೆ ಸುಮ್ನೆ ಸ್ಕ್ರೂ ಬಿಚ್ಚಿದರೆ ದಿನವಿಡೀ ಒದ್ದಾಡಬೇಕಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳುತ್ತೇನೆ. ಯಾರೇ ಹೇಳಿದರೂ ಮೊದಲ ದಿನವೇ ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ. ಚಿಕ್ಕಮ್ಮ ಹಿಂದೊಮ್ಮೆ ಒಂದು ಅಂಗಡಿಗೆ ಕೊಟ್ಟಿದ್ದರು. ಅವರು ಕೇಳದೆಯೇ ಫಾರ್ಮ್ಯಾಟ್ ಮಾಡಿ, ಹೊಸದರಂತೆ ಮಾಡಿ ಕಳಿಸಿದರು. ಮೊಮ್ಮಗಳ ನಾಮಕರಣದ ಫೋಟೋಗಳು ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಆ ಫೋಟೋಗಳು ಮತ್ತೆ ಸಿಗಲೇ ಇಲ್ಲ. ಕೆಟ್ಟ ಬಿಡಿಭಾಗವನ್ನು ದುಡ್ಡು ಕೊಟ್ಟು ತರಬಹುದು, ಫೋಟೋ ತರಲಾಗುವುದಿಲ್ಲ. ಈ ಬರಹ ಬರೆಯಲು ಕೂತಿದ್ದೂ ಅದೇ ಕಾರಣಕ್ಕೆ.

ಕೈ ಹಾಕುವ ಮುಂಚೆ

ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೆತ್ತಗಿನ ಒಣ ಪೇಂಟ್ ಬ್ರಷ್, ಮಕ್ಕಳ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, ಟಾರ್ಚ್. ಇಷ್ಟು ಸಾಕು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಳಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ.

ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬವನ್ನು ತೆರೆಯುವ ಮುಂಚೆ ಪ್ಲಗ್ ಕಿತ್ತಿಡಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಬಿಡಿಭಾಗ ಮುಟ್ಟುವ ಮುಂಚೆ ಡಬ್ಬದ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ.

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದು ಜೀವಕ್ಕೆ ಅಪಾಯ.

ಏನೂ ಆಗುತ್ತಿಲ್ಲ: ಗೋಡೆಯಿಂದ ಶುರುಮಾಡಿ

ಬೆಂಗಳೂರಿನಲ್ಲಿ ನಾನು ನೋಡಿದ ಕೇಸುಗಳಲ್ಲಿ ಜಾಸ್ತಿ ಪಾಲು ಡಬ್ಬದ ಹೊರಗೇ ಬಗೆಹರಿದಿವೆ. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ.

ಕಂಪ್ಯೂಟರ್ ಪ್ಲಗ್ ತೆಗೆದು, ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಉರಿಯಿತಾ? ಹಾಗಾದರೆ ಸ್ಪೈಕ್ ಬಸ್ಟರ್ ಮತ್ತು ಯುಪಿಎಸ್ ಎರಡನ್ನೂ ಬಿಟ್ಟು, ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್‌ಗೇ ಹಾಕಿ. ಈಗ ಆನ್ ಆದರೆ ತೊಂದರೆ ಆ ಎರಡರಲ್ಲಿ ಒಂದರದ್ದು. ಸ್ಪೈಕ್ ಬಸ್ಟರ್‌ನಲ್ಲಿ ಫ್ಯೂಸ್ ಹೋಗಿರಬಹುದು. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪ್ ಅವರ್‌ನ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಕಸುವು ಮುಗಿಯುತ್ತದೆ. ಬ್ಯಾಟರಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಯುಪಿಎಸ್ ಪೂರ್ತಿ ಬದಲಿಸಬೇಕಿಲ್ಲ, ಬ್ಯಾಟರಿ ಒಂದನ್ನೇ ಹಾಕಿಸಬಹುದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿ ನೋಡಿ. ಎಷ್ಟೋ ಇನ್ವರ್ಟರ್‌ಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್ ಅಂತ ಬರೆದಿರುತ್ತದೆ. ಕರೆಂಟ್ ಹೋದಾಗ ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಿಂದ ಸುಮಾರು 16 ಮಿಲಿ ಸೆಕೆಂಡ್ ತಾಳಿಕೊಳ್ಳಬಲ್ಲದು. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದ್ದರೆ 10 ಮಿಲಿ ಸೆಕೆಂಡ್ ಆಸುಪಾಸಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ. ಇಕೋ ಮೋಡ್‌ನಲ್ಲಿ ಅದಕ್ಕಿಂತ ಎರಡು ಮೂರು ಪಟ್ಟು ಹೊತ್ತು ಬೇಕು. ಲೈಟು, ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಸಾಯುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಐದಾರು ಸಲ ಕರೆಂಟ್ ಹೋಗಿ ಬರುವಾಗ, ಪ್ರತಿ ಸಲವೂ ಹಾಗೆ ಬಿದ್ದೂ ಬಿದ್ದೂ ವಿಂಡೋಸ್ ಫೈಲುಗಳು ಹಾಳಾಗುತ್ತವೆ. ಚಿಕ್ಕಮ್ಮನ ಮನೆಯಲ್ಲಿ ಆಗಿದ್ದೂ ಇದೇ. ಆ ಸ್ವಿಚ್ ಇಕೋ ಕಡೆಗಿತ್ತು.

ಬಿಲ್ಡಿಂಗ್‌ನ ಸಂಪ್ ಮೋಟರ್ ಅಥವಾ ಬೋರ್‌ವೆಲ್ ಮೋಟರ್ ಶುರುವಾದಾಗ ಮನೆಯ ಲೈಟು ಮಂಕಾಗುತ್ತದೆಯೇ, ಅದೇ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆಯೇ ಅಂತ ಗಮನಿಸಿ. ಹೌದಾದರೆ ಕಂಪ್ಯೂಟರನ್ನು ದೂರಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಡಬ್ಬ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನಿಸಿದರೆ ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. ಎಸ್‌ಎಂಪಿಎಸ್‌ನಿಂದ ಡಬ್ಬಕ್ಕೆ ಸೋರುವ ಚೂರು ಕರೆಂಟ್ ಭೂಮಿಗೆ ಇಳಿಯಬೇಕು, ದಾರಿ ಸಿಗದೆ ನಿಮ್ಮ ಬೆರಳಿಗೆ ಬರುತ್ತಿದೆ. ಹಳೇ ಮನೆಗಳಲ್ಲಿ ಇದು ಮಾಮೂಲು ಅಂತ ಜನ ಸುಮ್ಮನಿರುತ್ತಾರೆ. ಸುಮ್ಮನಿರಬೇಡಿ, ಸರಿಮಾಡಿಸಿ.

ಗೋಡೆ ಸರಿಯಿದೆ ಅಂತಾದರೆ ಡಬ್ಬದ ಹಿಂದಕ್ಕೆ ಬನ್ನಿ. ಪವರ್ ಕೇಬಲ್ ಪಕ್ಕದಲ್ಲಿ ಎಸ್‌ಎಂಪಿಎಸ್‌ನದೇ ಒಂದು ಸ್ವಿಚ್ ಇರುತ್ತದೆ. ಗೀಟು ಅಂದರೆ ಆನ್, ಸೊನ್ನೆ ಅಂದರೆ ಆಫ್. ಆಯುಧ ಪೂಜೆಗೆ ಒರೆಸಿ, ಅರಿಶಿನ ಕುಂಕುಮ ಇಟ್ಟ ಮಾರನೇ ದಿನ ನನಗೆ ಬರುವ ಫೋನುಗಳಲ್ಲಿ ಒಂದಾದರೂ ಈ ಸ್ವಿಚ್ ಬಗ್ಗೆ ಇರುತ್ತದೆ. ಒರೆಸುವ ಬಟ್ಟೆ ತಾಗಿ ಆಫ್ ಆಗಿರುತ್ತದೆ, ಅಷ್ಟೇ.

ಆಮೇಲೆ ಒಳಗೆ. ಮದರ್‌ಬೋರ್ಡ್‌ಗೆ ಎರಡು ಪವರ್ ಕನೆಕ್ಟರ್ ಬರುತ್ತವೆ. ಒಂದು 24 ಪಿನ್ನಿನ ಅಗಲದ್ದು, ಇನ್ನೊಂದು ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನದು. ಎರಡನ್ನೂ ಕಿತ್ತು, ಕ್ಲಿಕ್ ಅನ್ನುವಂತೆ ಮತ್ತೆ ಕೂರಿಸಿ. ಮುಂದಿನ ಪವರ್ ಬಟನ್ನೇ ಕೆಟ್ಟಿದೆಯೇ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಮದರ್‌ಬೋರ್ಡ್ ಮೂಲೆಯಲ್ಲಿ ಪವರ್ ಬಟನ್ ವೈರ್ ಇರುವ ಜಾಗಕ್ಕೆ ರೀಸೆಟ್ ಬಟನ್‌ನ ವೈರ್ ಹಾಕಿ, ರೀಸೆಟ್ ಒತ್ತಿ. ಆನ್ ಆದರೆ ಬಟನ್ ಒಂದೇ ಕೆಟ್ಟಿರುವುದು.

ಇಷ್ಟಾದರೂ ಏನೂ ಇಲ್ಲ ಅಂದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಹಸಿರು ವೈರ್‌ಗೂ ಕಪ್ಪು ವೈರ್‌ಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಪರೀಕ್ಷೆ ಮಾಡುವ ವಿಡಿಯೋಗಳಿವೆ. ಮೊದಲ ಸಲ ಮಾಡುವವರಿಗೆ ನಾನದನ್ನು ಹೇಳುವುದಿಲ್ಲ. ಕ್ಲಿಪ್‌ಗೆ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಅಂತಲೂ ಅಲ್ಲ. ಸ್ನೇಹಿತರ ಹತ್ತಿರ ಇನ್ನೊಂದು ಇದ್ದರೆ ತಂದು ಹಾಕಿ ನೋಡಿ, ಅಥವಾ ಡಬ್ಬಿಯನ್ನು ತೆರೆಯದೆ ಇಡಿಯಾಗಿ ಕಳಚಿಕೊಂಡು ಅಂಗಡಿಗೆ ಒಯ್ಯಿರಿ, ಟೆಸ್ಟರ್‌ನಲ್ಲಿ ಹಾಕಿ ಅಲ್ಲೇ ಹೇಳುತ್ತಾರೆ. ಹೊಸದು ಕೊಳ್ಳುವಾಗ ಅಗ್ಗದ್ದು ಅಂತ ಹೆಸರಿಲ್ಲದ ಡಬ್ಬಿ ತರಬೇಡಿ. ಕೆಟ್ಟ ಎಸ್‌ಎಂಪಿಎಸ್ ತಾನು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಫ್ಯಾನ್ ತಿರುಗುತ್ತೆ, ಪರದೆ ಕಪ್ಪು

ಮಾನಿಟರ್‌ನ ಸಣ್ಣ ದೀಪ ಉರಿಯುತ್ತಿದೆಯೇ ನೋಡಿ. ಸಿಪಿಯುನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಹೋಗಿರಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ. ಮನೆ ಶಿಫ್ಟ್ ಮಾಡಿ ಮತ್ತೆ ಜೋಡಿಸುವಾಗ ಇಲ್ಲಿ ತಪ್ಪಾಗುವುದು ತುಂಬ ಜಾಸ್ತಿ. ಟೆಂಪೋದಲ್ಲಿ ನಮ್ಮ ರಸ್ತೆಯ ಗುಂಡಿಗಳ ಮೇಲೆ ಕುಲುಕಿ ಬಂದ ಸಿಪಿಯುನಲ್ಲಿ ಕಾರ್ಡ್, ರ‍್ಯಾಮ್ ಎರಡೂ ಸಡಿಲವಾಗಿರುತ್ತವೆ.

ರ‍್ಯಾಮ್ ತೆಗೆಯುವುದು ಕಷ್ಟವಿಲ್ಲ. ಸ್ಲಾಟಿನ ತುದಿಯ ಕ್ಲಿಪ್ ಒತ್ತಿದರೆ ಮೇಲೆ ಬರುತ್ತದೆ. ಕೆಳಗಿನ ಚಿನ್ನದ ಬಣ್ಣದ ಗೆರೆಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ಆನ್ ಮಾಡಿ. ಆಗದಿದ್ದರೆ ಇನ್ನೊಂದನ್ನು. ಆಮೇಲೆ ಬೇರೆ ಸ್ಲಾಟ್‌ನಲ್ಲಿ. ಪ್ರತಿ ಸಲ ಒಂದೇ ಬದಲಾವಣೆ ಮಾಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾಕೆ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಮುಂದಿನದು ಸೆಲ್. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇದೆ, ಸಿಆರ್ 2032 ಅಂತ ಅದರ ನಂಬರ್. ಪ್ಲಗ್ ಕಿತ್ತು, ಸೆಲ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡಿನದೇ ಪ್ರೋಗ್ರಾಂ ಆದ ಬಯೋಸ್‌ನ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು, ಸಮಯ ತಪ್ಪು ತೋರಿಸುತ್ತಿದ್ದರೆ ಆ ಸೆಲ್ ಮುಗಿದಿದೆ. ಮೆಡಿಕಲ್ ಶಾಪ್‌ನಲ್ಲೂ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಡಿಡಿಆರ್ 5 ರ‍್ಯಾಮ್ ಇರುವ ಹೊಸ ಸಿಸ್ಟಂಗಳಲ್ಲಿ ಹೀಗೆ ಸೆಲ್ ತೆಗೆದು ಹಾಕಿದ ಮೇಲೆ ಮೊದಲ ಸಲ ಪರದೆ ಬರಲು ಕೆಲವು ನಿಮಿಷವೇ ಹಿಡಿಯಬಹುದು. ಕೆಟ್ಟಿತು ಅಂತ ನಡುವೆ ಆಫ್ ಮಾಡಬೇಡಿ.

ಈಚಿನ ಮದರ್‌ಬೋರ್ಡ್‌ಗಳಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ. ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲಿದೆ. ಹಳೆಯವುಗಳಲ್ಲಿ ಬೀಪ್ ಸದ್ದು ಬರುತ್ತದೆ. ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಎಣಿಸಿ ಬರೆದುಕೊಳ್ಳಿ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಮದರ್‌ಬೋರ್ಡಿನ ಪುಸ್ತಕದಲ್ಲೇ ನೋಡಬೇಕು. ಟಾರ್ಚ್ ಹಿಡಿದು ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಅಂತಲೂ ನೋಡಿ. ಉಬ್ಬಿದ್ದರೆ ಮನೆಯಲ್ಲಿ ಮಾಡುವಂಥದ್ದು ಇನ್ನೇನೂ ಇಲ್ಲ.

ಲೋಗೋ ಬರುತ್ತೆ, ವಿಂಡೋಸ್ ಬರಲ್ಲ

ಮೊದಲು ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಪ್ರಿಂಟರ್ ಎಲ್ಲ ಕಿತ್ತುಹಾಕಿ. ಕೀಬೋರ್ಡ್, ಮೌಸ್ ಮಾತ್ರ ಇರಲಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್ 2 ಕೀ ಬಿಡದೆ ಒತ್ತುತ್ತಿದ್ದರೆ ಬಯೋಸ್ ತೆರೆದುಕೊಳ್ಳುತ್ತದೆ. ಅಲ್ಲಿ ನಿಮ್ಮ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಹೆಸರು ಕಾಣುತ್ತಿದೆಯೇ? ಕಾಣದಿದ್ದರೆ ಅದರ ಕೇಬಲ್ ಬದಲಿಸಿ ನೋಡಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀರಿ, ಉಳಿಯಬಹುದಾದ ಫೈಲುಗಳೂ ಹೋಗುತ್ತವೆ. ಅದು ಡೇಟಾ ರಿಕವರಿ ಮಾಡುವವರ ಕೆಲಸ.

ಡಿಸ್ಕ್ ಕಾಣುತ್ತಿದ್ದರೆ ವಿಂಡೋಸ್‌ನ ರಿಕವರಿ ಪರದೆಗೆ ಹೋಗಬೇಕು. ವಿಂಡೋಸ್ ಎರಡು ಸಲ ಸತತವಾಗಿ ಶುರುವಾಗಲಾರದೆ ನಿಂತರೆ ಸಾಮಾನ್ಯವಾಗಿ ಮೂರನೇ ಸಲ ಆ ಪರದೆ ತಾನಾಗಿ ಬರುತ್ತದೆ. ಬರದಿದ್ದರೆ ಚುಕ್ಕೆಗಳು ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಸಲ ಹೀಗೆ ಮಾಡಿದರೆ ಸಾಕು.

ಇಲ್ಲಿ ಕೆಲವರಿಗೆ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತದೆ. ಅದು ಬಿಟ್‌ಲಾಕರ್. ನಿಮ್ಮ ಡಿಸ್ಕ್‌ಗೆ ಬೀಗ ಬಿದ್ದಿದೆ. ಗಾಬರಿಯಾಗಬೇಡಿ. ಮೊಬೈಲಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ನಿಮ್ಮ ಕಂಪ್ಯೂಟರ್ ಹೆಸರಿನ ಕೆಳಗೆ ನೋಡಿ. ಹೆಚ್ಚಿನ ಮನೆ ಬಳಕೆದಾರರ ಕೀ ಅಲ್ಲೇ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವವರು ಇವತ್ತೇ ಅದನ್ನು ಕಾಗದದಲ್ಲಿ ಬರೆದು, ಗ್ಯಾಸ್ ಪುಸ್ತಕ ಇಡುವ ಫೈಲಿನಲ್ಲಿ ಇಟ್ಟುಕೊಳ್ಳಿ.

ರಿಕವರಿ ಪರದೆಯಲ್ಲಿ ಟ್ರಬಲ್‌ಶೂಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಶನ್ಸ್. ಮೊದಲು ಸ್ಟಾರ್ಟಪ್ ರಿಪೇರ್ ಒತ್ತಿ. ಆಗದಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದ್ದರೆ ಬಹಳ ಸಲ ಇದರಲ್ಲೇ ಸರಿಯಾಗುತ್ತದೆ. ಮೂರನೆಯದು ಸಿಸ್ಟಂ ರಿಸ್ಟೋರ್. ನಾಲ್ಕನೆಯದು ಸ್ಟಾರ್ಟಪ್ ಸೆಟ್ಟಿಂಗ್ಸ್, ಅಲ್ಲಿ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯದ್ದಷ್ಟನ್ನೇ ಶುರುಮಾಡುವ ವಿಂಡೋಸ್. ಸೇಫ್ ಮೋಡ್ ಬಂದರೆ ವಿಂಡೋಸ್ ಪೂರ್ತಿ ಹಾಳಾಗಿಲ್ಲ. ಹೊಸದಾಗಿ ಹಾಕಿದ ಸಾಫ್ಟ್‌ವೇರ್, ಡ್ರೈವರ್ ಇದ್ದರೆ ತೆಗೆದುಹಾಕಿ.

ಈ ಯಾವುದೂ ಕೆಲಸ ಮಾಡದಿದ್ದರೆ, ಮುಂದೆ ಏನು ಮಾಡುವುದಕ್ಕೂ ಮುಂಚೆ ಫೈಲುಗಳನ್ನು ಹೊರತೆಗೆಯಿರಿ. ಬೇರೆಯವರ ಕಂಪ್ಯೂಟರಿನಲ್ಲಿ ಉಬುಂಟು ಅನ್ನುವ, ವಿಂಡೋಸ್‌ನಂಥದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ ಇಳಿಸಿಕೊಂಡು, ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ 16 ಜಿಬಿ ಪೆನ್‌ಡ್ರೈವ್‌ಗೆ ಹಾಕಿ. ನಿಮ್ಮ ಸಿಸ್ಟಂ ಅನ್ನು ಆ ಪೆನ್‌ಡ್ರೈವ್‌ನಿಂದ ಶುರುಮಾಡಿ, "ಟ್ರೈ ಉಬುಂಟು" ಆರಿಸಿ. ಇನ್‌ಸ್ಟಾಲ್ ಒತ್ತಬೇಡಿ, ಇದು ಮುಖ್ಯ. ಫೈಲ್ಸ್ ತೆರೆದರೆ ನಿಮ್ಮ ಡಿಸ್ಕ್ ಕಾಣುತ್ತದೆ. ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರು, ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್. ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಇಲ್ಲೂ ಆ 48 ಅಂಕಿ ಬೇಕು.

ಇದಾದ ಮೇಲೆ ರಿಕವರಿ ಪರದೆಯ ಟ್ರಬಲ್‌ಶೂಟ್‌ನಿಂದ ವಿಂಡೋಸ್ ರೀಸೆಟ್ ಮಾಡಿ. "ಕೀಪ್ ಮೈ ಫೈಲ್ಸ್" ಆರಿಸಿದರೆ ಫೈಲು ಉಳಿಯುತ್ತವೆ, ಆದರೆ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗುತ್ತವೆ. ಟ್ಯಾಲಿ, ನುಡಿ, ಬರಹ ಬಳಸುವವರು ಅವನ್ನು ಮತ್ತೆ ಹಾಕಿಕೊಳ್ಳಲು ಬೇಕಾದ ಲೈಸೆನ್ಸ್, ಸೆಟಪ್ ಫೈಲು ಮೊದಲೇ ಹುಡುಕಿಟ್ಟುಕೊಳ್ಳಿ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅದರಿಂದ ಸುರಕ್ಷತೆಯ ತೊಂದರೆ ಖಂಡಿತ ಇದೆ. ಆದರೆ "ಅದಕ್ಕೇ ನಿಮ್ಮ ಸಿಸ್ಟಂ ಆನ್ ಆಗ್ತಿಲ್ಲ, ಹೊಸದು ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಚೆನ್ನಾಗೇ ಇತ್ತು, ತಟ್ಟನೆ ಹೋಯ್ತು

ಆನ್ ಆದ ಎಷ್ಟು ಹೊತ್ತಿಗೆ, ಏನು ಮಾಡುವಾಗ ಹೋಯಿತು ಅಂತ ಬರೆದಿಡಿ. ಗೇಮ್ ಆಡಲು ಶುರುಮಾಡಿ ಹತ್ತು ಹದಿನೈದು ನಿಮಿಷಕ್ಕೆ ಹೋಗುತ್ತಿದ್ದರೆ ಬಿಸಿಯೇ ಕಾರಣ ಇರಬಹುದು. ಮೇಜಿನ ಕೆಳಗೆ ಗೋಡೆಗೆ ಅಂಟಿಸಿಟ್ಟ ಸಿಪಿಯು ತೆರೆದು ನೋಡಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಹತ್ತಿಯಂತೆ ಧೂಳು ಕಟ್ಟಿರುತ್ತದೆ. ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಕೆಡುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಪ್ರೊಸೆಸರ್‌ನ ಬಿಸಿಯನ್ನು ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಹೊಸದಾಗಿ ಹಚ್ಚಬೇಕು. ಬಳಕೆಯಲ್ಲಿರುವಾಗ ಪ್ರೊಸೆಸರ್ 60ರಿಂದ 80 ಡಿಗ್ರಿ ಇದ್ದರೆ ಚಿಂತೆ ಇಲ್ಲ. 95 ದಾಟಿ 100ರ ಹತ್ತಿರ ಹೋದರೆ ತನ್ನನ್ನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೂ ಏರಿದರೆ ಆಫ್ ಆಗುತ್ತದೆ.

ಬಿಸಿ ಇಲ್ಲದೆಯೂ ಹೋಗುತ್ತಿದ್ದರೆ ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಕರ್ನಲ್ ಪವರ್ 41 ಅಂತ ಕಂಡರೆ ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಂ ನಿಂತಿತು ಅಂತ ಮಾತ್ರ ಅರ್ಥ. ಕಾರಣ ಅದರಲ್ಲಿರುವುದಿಲ್ಲ. ವಿಂಡೋಸ್ ತಟ್ಟನೆ ಕುಸಿದಾಗ ಬರುವ ನೀಲಿ ಪರದೆ ಕಂಡರೆ ಫೋಟೋ ತೆಗೆಯಿರಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಕಪ್ಪು ಬಣ್ಣಕ್ಕೆ ತಿರುಗಿದೆ. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಇದ್ದರೆ ಮೆಮ್‌ಟೆಸ್ಟ್ 86 ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡಿ. ಇನಾಕ್ಸೆಸಿಬಲ್ ಬೂಟ್ ಡಿವೈಸ್ ಅಂದರೆ ಡಿಸ್ಕ್, ಅದರ ಕೇಬಲ್ ಅಥವಾ ಡ್ರೈವರ್.

ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ" ಅಂತ ಬಂದರೆ ಅದು ಮೋಸ. ಕರೆ ಮಾಡಬೇಡಿ, ಪವರ್ ಬಟನ್ ಒತ್ತಿ ಆಫ್ ಮಾಡಿ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿಕೊಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಎಸ್‌ಪಿ ರೋಡಿಗೆ ಹೋಗಬೇಕಾದರೆ

ಬಿಡಿಭಾಗ ಬೇಕು ಅಂತ ಖಚಿತವಾದ ಮೇಲೆ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ನಮ್ಮೆಲ್ಲರ ಎಸ್‌ಪಿ ರೋಡಿಗೆ ಹೋಗಿ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಗಾಡಿ ನಿಲ್ಲಿಸುವ ಪಾಡು ಅಲ್ಲಿ ಬೇಡ. ಭಾನುವಾರ ಅಲ್ಲಿನ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೆಯ ಭಾಗವನ್ನು ಜೊತೆಗೇ ಒಯ್ಯಿರಿ. ಡಿಡಿಆರ್ 3 ರ‍್ಯಾಮ್ ಡಿಡಿಆರ್ 4 ಸ್ಲಾಟ್‌ಗೆ ಕೂರುವುದಿಲ್ಲ. ಬಿಲ್ ಕೇಳಿ ತಗೊಳ್ಳಿ, ವಾರಂಟಿಗೆ ಅದೇ ಆಧಾರ. ಕೆಟ್ಟ ಬ್ಯಾಟರಿ, ಬೋರ್ಡ್‌ಗಳನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಸಿಸ್ಟಂ ಪೂರ್ತಿ ರಿಪೇರಿಗೆ ಕೊಡುವುದೇ ಆದರೆ ಬಾಯಲ್ಲಿ ಹೇಳಿ ಬರಬೇಡಿ. ಒಂದು ಚೀಟಿ ಬರೆದು ಡಬ್ಬಕ್ಕೆ ಅಂಟಿಸಿ. ಯಾವ ಹಂತದಲ್ಲಿ ನಿಲ್ಲುತ್ತಿದೆ, ನೀವು ಏನೇನು ಬದಲಿಸಿ ನೋಡಿದಿರಿ, ಯಾವ ಬೀಪ್ ಅಥವಾ ಯಾವ ಸಾಲು ಕಂಡಿತು ಅಂತ ಬರೆಯಿರಿ. ಸಾಧ್ಯವಾದರೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ.

ಚಿಕ್ಕಮ್ಮನ ಸಿಸ್ಟಂ ಆ ರಾತ್ರಿಯೇ, ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ತೆಗೆದ ಮೇಲೆ ಶುರುವಾಯಿತು. ಇನ್ವರ್ಟರ್ ಸ್ವಿಚ್ ಅನ್ನು ಯುಪಿಎಸ್ ಕಡೆಗೆ ಸರಿಸಿದೆವು. ಆದರೂ ಅವರು ಚೀಟಿ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸಿದ್ದಾರೆ. ಅದರಲ್ಲಿ ಅವರದೇ ಕೈಬರಹದಲ್ಲಿ ದಪ್ಪಕ್ಷರದ ಒಂದು ಸಾಲಿದೆ: "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು."